ಲಿಮೂ ವೈನ್ ತೋರಿಸಿದ ಹಿರಿಯರಿಗೆ ಧನ್ಯವಾದ

ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದಕ್ಷಿಣ ಫ್ರಾನ್ಸಿನ ಕಾರ್ಕಸೋನ್‌ನ ಅಂಗಡಿಯಲ್ಲಿ ನಾನು ಶಾಂಪೇನ್ ಬೆಲೆ ನೋಡುತ್ತಾ ನಿಂತಿದ್ದೆ. ನೀವು ಕೆಳಗಿನ ಸಾಲು ತೋರಿಸಿ, "ಲಿಮೂ ತಗೊಳ್ಳಿ" ಅಂದಿರಿ. ಅಷ್ಟಕ್ಕೇ ಬಿಡದೆ ತಾಳ್ಮೆಯಿಂದ ಎಲ್ಲ ವಿವರಿಸಿದಿರಿ.

ಲಿಮೂ ಅಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್, ಓಡ್ ನದಿಯ ದಂಡೆಯ ಊರು. ಹತ್ತಿರದ ಸೇಂಟ್ ಇಲೇರ್ ಮಠದ ಸನ್ಯಾಸಿಗಳು 1531ರಲ್ಲೇ ಗುಳ್ಳೆಯೇಳುವ ವೈನ್ ಮಾಡುತ್ತಿದ್ದರು ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಬ್ಲಾಂಕೆಟ್ ಅನ್ನೋ ಇಲ್ಲಿನ ಗುಳ್ಳೆ ವೈನ್‌ನಲ್ಲಿ ಕನಿಷ್ಠ ಶೇಕಡಾ 90 ಭಾಗ ಮೋಜಾಕ್ ದ್ರಾಕ್ಷಿಯೇ ಇರಬೇಕು. ಅದರಿಂದಲೇ ಆ ಹಸಿರು ಸೇಬಿನ ಘಮ! ಶಾಂಪೇನ್ ಹಾಗೆಯೇ ಇದೂ ಬಾಟಲಿಯೊಳಗೆ ಎರಡನೇ ಸಲ ಹುದುಗೇಳುತ್ತದೆ. ಬೆಲೆ ಮಾತ್ರ 10 ಯೂರೋ ಆಸುಪಾಸು. ಇಷ್ಟು ಒಳ್ಳೆಯ ವೈನ್ ಇಷ್ಟು ಅಗ್ಗಕ್ಕೆ ಸಿಗೋದು ದೊಡ್ಡ ವಿಷಯ ಅಲ್ವಾ?

ಲಿಮೂದ ಇನ್ನೊಂದು ಗುಳ್ಳೆ ವೈನ್ ಕ್ರೆಮಾನ್ ಕೂಡ ಕುಡಿದೆ. ಅದರಲ್ಲಿ ಶಾರ್ಡೊನೇ, ಶೆನಾ ದ್ರಾಕ್ಷಿ ಜಾಸ್ತಿ. ಚೆನ್ನಾಗಿದೆ, ಆದರೆ ನನಗೆ ಬ್ಲಾಂಕೆಟ್ಟೇ ಇಷ್ಟ. ಸಿಹಿ ಬೇಕಾದವರಿಗೆ ನೀವು ಹೇಳಿದ ಹಳೇ ಪದ್ಧತಿಯ ಬ್ಲಾಂಕೆಟ್ಟೇ ಸರಿ, ಅದರಲ್ಲಿ ಆಲ್ಕೋಹಾಲೂ ಕಡಿಮೆ. ಅಪರಿಚಿತರಿಗೆ ಅಷ್ಟು ಹೊತ್ತು ಕೊಟ್ಟಿರಿ. ತುಂಬಾ ತುಂಬಾ ಥ್ಯಾಂಕ್ಸ್.