ಸಮನ್ಸ್ ಚೀಟಿಯ ಹಿಂದೆ ಇಷ್ಟು ಅಚ್ಚು ಹಾಕಿಸಿ

ಸಂಪಾದಕರಿಗೆ ನಮಸ್ಕಾರ.

ಅತ್ಯಾಚಾರದ ಕೇಸಿನಲ್ಲಿ ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯುತ್ತಿರುವ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. ಯಾವ ಕೋರ್ಟು ಎಂದು ಬರೆಯುವುದಿಲ್ಲ. ನನ್ನ ಗುರುತು ಗುಟ್ಟಾಗಿಡಬೇಕೆಂದು ಕಾನೂನೇ ಹೇಳುತ್ತದೆ.

ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯುತ್ತದೆ, ಆ ಮಟ್ಟಿಗೆ ಸರಿ. ನನಗೆ ಕಷ್ಟವಾಗುವುದು ಹೊರಗಿನ ವರಾಂಡದಲ್ಲಿ. ಎದುರು ಬೆಂಚಿನಲ್ಲಿ ಆರೋಪಿಯ ಮನೆಯವರು. ಅವನ ಕಾಕಾ ಗುಟ್ಕಾ ಚೀಟಿ ಹರಿಯುತ್ತಾ ನನ್ನನ್ನೇ ನೋಡುತ್ತಾನೆ. ಅವನ ಕೆಮ್ಮು ಕೇಳಿದರೆ ಸಾಕು, ನನ್ನ ಕೈ ತಣ್ಣಗಾಗುತ್ತದೆ. ಒಳಗೆ ಕರೆಯುವ ಪುಕಾರು ಯಾವಾಗ ಬರುತ್ತದೋ ಎಂದು ಶೌಚಾಲಯಕ್ಕೂ ಏಳುವುದಿಲ್ಲ. ಮಧ್ಯಾಹ್ನದ ತನಕ ಕೂತ ಮೇಲೆ ಅವ್ವ ಬಂದು, ‘ಮತ್ತೊಂದು ತಾರೀಖು ಕೊಟ್ಟಾರಂತ, ನಡಿಯವ್ವ’ ಎನ್ನುತ್ತಾಳೆ. ರಾತ್ರಿಯೆಲ್ಲಾ ಮನಸ್ಸು ಗಟ್ಟಿ ಮಾಡಿಕೊಂಡದ್ದು ಸುಮ್ನೆ ಹೋಯಿತು ಅಲ್ವಾ? ಓಣಿಯವರು ಕೇಳಿದರೆ ಸಂತೆಗೆ ಹೋಗಿದ್ದೆವು ಎನ್ನಬೇಕು. ಅದಕ್ಕೇ ಅವ್ವ ಬಸ್ ಸ್ಟ್ಯಾಂಡಿನ ಹತ್ತಿರ ಒಂದಿಷ್ಟು ಮೆಣಸಿನಕಾಯಿ ಕೊಳ್ಳುತ್ತಾಳೆ. ಮನೆಯಲ್ಲಿ ಈಗ ಮೆಣಸಿನಕಾಯಿಯೇ ಜಾಸ್ತಿ.

ಆಪ್ತ ಸಮಾಲೋಚಕರೊಬ್ಬರು ಹೇಳಿಕೊಟ್ಟ ಉಪಾಯ ಕೈ ಹಿಡಿದಿದೆ. ಪಾದ ನೆಲಕ್ಕೆ ಒತ್ತಿ, ಕಂಡದ್ದನ್ನು ಒಂದೊಂದಾಗಿ ಮನಸ್ಸಲ್ಲೇ ಹೆಸರಿಸುವುದು: ಫ್ಯಾನು, ದಾರ ಕಟ್ಟಿದ ಫೈಲು, ಜವಾನರ ಊಟದ ಡಬ್ಬಿ. ಉಸಿರು ಹತೋಟಿಗೆ ಬರುತ್ತದೆ. ಪಾಟಿ ಸವಾಲಿನಲ್ಲಿ ‘ಆವತ್ತೇ ಯಾಕೆ ಹೇಳಲಿಲ್ಲ’ ಎಂದು ತಿರುಗಿಸಿ ತಿರುಗಿಸಿ ಕೇಳಿದಾಗಲೂ ಅದನ್ನೇ ಮಾಡಿದೆ. ಗಂಟೆ ಎಷ್ಟಾಗಿತ್ತು ಎಂದು ನೆನಪಾಗದಿದ್ದರೆ ಸುಳ್ಳಿ ಎನ್ನುತ್ತಾರೆ. ಹೆದರಿದವರಿಗೆ ಕೆಮ್ಮು ನೆನಪಿರುತ್ತದೆ, ಗಂಟೆ ನೆನಪಿರುವುದಿಲ್ಲ.

ಸಾಕ್ಷಿ ಹೇಳುವಾಗ ನಡುವೆ ಬಿಡುವು ಕೇಳಬಹುದು, ಅವನ ಮುಖ ಕಾಣದಂತೆ ಪರದೆ ಕೇಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಹೇಳಿದೆ. ಇಂಥ ಸಾಕ್ಷಿಗಳಿಗೆ ಪ್ರತಿ ಜಿಲ್ಲೆಯಲ್ಲೂ ಸಾಕ್ಷಿ ಹೇಳಲು ಪ್ರತ್ಯೇಕ ಕೇಂದ್ರ ಇರಬೇಕೆಂದು 2022ರ ಜನವರಿಯಲ್ಲಿ ಹೇಳಿದೆ. ಹಳೆಯ ನಡತೆ ಕೆದಕಿ ಕೇಳುವಂತಿಲ್ಲ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ; ಅದಕ್ಕೆ 15100ಕ್ಕೆ ಫೋನ್ ಮಾಡಬೇಕು. ರಾತ್ರಿ ನಿದ್ದೆ ಬಾರದೆ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು.

ನನ್ನ ಸಮನ್ಸ್ ಚೀಟಿಯ ಹಿಂಬದಿ ಖಾಲಿ ಇದೆ. ಇಷ್ಟನ್ನು ಅಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ. ತಾರೀಖು ಮುಂದಕ್ಕೆ ಹೋಗುವುದು ಮೊದಲೇ ಗೊತ್ತಿದ್ದರೆ ಒಂದು ಫೋನ್ ಮಾಡಿಸಲಿ. ಕೂರಲು ಬೇರೆ ಕೋಣೆಯೂ ಬೇಕು, ಅದಕ್ಕೆ ಹಣ ಬೇಕು ಎನ್ನುತ್ತಾರೇನೋ. ನಮ್ಮ ಭಾಗದ ಕಾನೂನು ಸೇವಾ ಪ್ರಾಧಿಕಾರದವರು ಚೀಟಿಯಿಂದಲಾದರೂ ಶುರು ಮಾಡಿಸಲಿ. ಅದಕ್ಕೆ ಕಟ್ಟಡ ಕಟ್ಟಬೇಕಾಗಿಲ್ಲ.

– ಒಬ್ಬ ಓದುಗಾರ್ತಿ, ಯಾದಗಿರಿ ಜಿಲ್ಲೆ
(ಹೆಸರು ಪ್ರಕಟಿಸಬೇಡಿ)