ಅಜ್ಜಿಯ ಕೈನಡುಕದ ವಿಚಾರವಾಗಿ ಅಪ್ಪಾಜಿಗೆ

ಎಡಿನ್‌ಬರೊ
ಮಂಗಳವಾರ

ತೀರ್ಥರೂಪು ಅಪ್ಪಾಜಿಯವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮನಿಗೂ ದೊಡ್ಡಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ಕಿಟ್ಟಿ ಪರೀಕ್ಷೆ ಚೆನ್ನಾಗಿ ಬರೆದನೆಂದು ತಿಳಿದು ಸಂತೋಷವಾಯಿತು.

ಅಜ್ಜಿಯ ಬಲಗೈ ನಡುಗುತ್ತಿದೆ, ನಡಿಗೆ ನಿಧಾನವಾಗಿದೆ ಎಂದು ಬರೆದಿದ್ದೀರಿ. ಮಿದುಳನ್ನೇ ಓದುತ್ತಿರುವ ನೀನು ಇದು ಏನೆಂದು ಹೇಳಬಾರದೇ ಎಂದೂ ಕೇಳಿದ್ದೀರಿ. ದೊಡ್ಡಪ್ಪ ಮೂಡಿಗೆರೆಯಲ್ಲಿ ಕಂಡಕಂಡವರಿಗೆಲ್ಲ ನಾನು ಮಿದುಳಿನ ಡಾಕ್ಟರಾಗುತ್ತೇನೆಂದು ಹೇಳುತ್ತಿರುವುದರ ಫಲ ಇದು. ನನ್ನದು ನಾಲ್ಕು ವರ್ಷದ ವಿಜ್ಞಾನದ ಪದವಿ. ಮೊದಲೆರಡು ವರ್ಷ ರಸಾಯನಶಾಸ್ತ್ರ, ಜೀವಕೋಶ, ಅಂಕಿಅಂಶಗಳಲ್ಲೇ ಕಳೆದು, ಈಗ ಮೂರನೆಯ ವರ್ಷದಲ್ಲಿ ನರವಿಜ್ಞಾನದ ಒಳಗೆ ಕಾಲಿಟ್ಟಿದ್ದೇನೆ. ಪದವಿ ಮುಗಿದರೂ ಒಂದು ಮಾತ್ರೆ ಬರೆದುಕೊಡುವ ಅಧಿಕಾರ ನನಗಿರುವುದಿಲ್ಲ. ಆದರೆ ಡಾಕ್ಟರ ಬಳಿ ಹೋಗುವ ಮೊದಲು ಮನೆಯಲ್ಲಿ ಏನೇನು ಗಮನಿಸಬೇಕೆಂಬುದನ್ನು ಹೇಳಬಲ್ಲೆ.

ಮೊದಲನೆಯದಾಗಿ, ಕೈ ಯಾವಾಗ ನಡುಗುತ್ತದೆ ಎಂಬುದನ್ನು ನೋಡಿ. ಅಜ್ಜಿ ಜಗಲಿಯಲ್ಲಿ ಸುಮ್ಮನೆ ಕುಳಿತು ಕೈಯನ್ನು ಮಡಿಲಲ್ಲಿಟ್ಟುಕೊಂಡಾಗಲೋ, ಕಾಫಿಲೋಟ ಎತ್ತಿ ಬಾಯಿಗೆ ಒಯ್ಯುವಾಗಲೋ? ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆ ತೊಂದರೆಗಳ ಲಕ್ಷಣ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಕ ಹೆಚ್ಚಾಗಿ ಸುಮ್ಮನಿರುವ ಕೈಯಲ್ಲಿ, ಅದೂ ಮೊದಲು ಒಂದೇ ಕಡೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು, ಅಜ್ಜಿಯ ರಾಮಕೋಟಿ ಪುಸ್ತಕಗಳನ್ನು ತೆಗೆದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಈಗಿನ ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಚಿಕ್ಕದಾಗುತ್ತಿದ್ದರೆ ಆ ಎರಡು ಪುಸ್ತಕಗಳನ್ನೂ ಡಾಕ್ಟರ ಬಳಿಗೆ ಒಯ್ಯಿರಿ. ಕಾಫಿಬೀಜ ಹುರಿಯುವ ವಾಸನೆ ಅವರಿಗೆ ಈಗಲೂ ಮೊದಲಿನಂತೆ ತಿಳಿಯುತ್ತದೆಯೇ ಎಂದೂ ಕೇಳಿ, ಏಕೆಂದರೆ ಈ ಕಾಯಿಲೆ ಬಂದವರಲ್ಲಿ ಅನೇಕರಿಗೆ ನಡುಕ ಶುರುವಾಗುವ ವರ್ಷಗಳ ಮೊದಲೇ ಮೂಗು ಮಂದವಾಗಿರುತ್ತದೆ. ಈ ಕಾಯಿಲೆಯನ್ನು 1817ರಲ್ಲಿ ಮೊದಲು ವಿವರವಾಗಿ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರ ವಿಷಯ ಬರೆದಿದ್ದ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ಇಂದಿಗೂ ಡಾಕ್ಟರು ಮುಖ್ಯವಾಗಿ ನಡೆಸಿ, ಬೆರಳು ಬಡಿಸಿ, ಮಣಿಕಟ್ಟು ತಿರುಗಿಸಿ ನೋಡಿಯೇ ಹೇಳುತ್ತಾರೆ. ಎಂ.ಆರ್.ಐ. ಬೇಕಾಗುವುದು ಹೆಚ್ಚಾಗಿ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಲು, ಆದ್ದರಿಂದ ಅವರು ಹೇಳುವ ಮೊದಲೇ ನೀವಾಗಿ ಅದಕ್ಕೆ ಹಣ ಸುರಿಯಬೇಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ತಲೆಸುತ್ತಿನ ಮಾತ್ರೆ. ಅಜ್ಜಿ ಅದನ್ನು ಬಹಳ ಕಾಲದಿಂದ ನುಂಗುತ್ತಿದ್ದಾರೆಂದು ಅಮ್ಮ ಫೋನಿನಲ್ಲಿ ಹೇಳಿದ್ದರು. ಆ ಪಟ್ಟಿಯ ಹಿಂದೆ ಸಿನ್ನರಿಜಿನ್ ಎಂದಿದೆಯೇ ಎಂದು ಕಿಟ್ಟಿಯಿಂದ ಓದಿಸಿ. ವಯಸ್ಸಾದವರು ಆ ಔಷಧಿಯನ್ನು ದೀರ್ಘಕಾಲ ತೆಗೆದುಕೊಂಡರೆ ಅದರಿಂದಲೇ ಥೇಟ್ ಪಾರ್ಕಿನ್ಸನ್ನಿನಂಥ ನಡುಕ, ಬಿಗಿತ, ನಿಧಾನ ಬರಬಹುದು. ಹಾಗೆ ಬಂದದ್ದು ಔಷಧಿ ನಿಲ್ಲಿಸಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅನೇಕರಿಗೆ ಇಳಿದುಹೋಗುತ್ತದೆ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಬೀರುವಿನೊಳಗಿನ ಹಳೆಯ ಪಟ್ಟಿಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹಾಸನದಲ್ಲಿ ನರರೋಗ ತಜ್ಞರಿಗೆ ತೋರಿಸಿ. ಅವರು ಹೇಳಿದರೆ ಮಾತ್ರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೆ ಸಾಕು.

ದೊಡ್ಡಮ್ಮ ನಸುಗುನ್ನಿ ಬೀಜದ ಪುಡಿ ಕೊಡಬೇಕೆನ್ನುತ್ತಿದ್ದಾರಂತೆ. ನಗಬೇಡಿ, ಅವರ ಮಾತಿನಲ್ಲಿ ಹುರುಳಿದೆ. ಬೇಲಿಯಲ್ಲಿ ಬೆಳೆದು ಮೈಯೆಲ್ಲ ತುರಿಸುವ ಆ ಬಳ್ಳಿಯ ಬೀಜದಲ್ಲಿ, ಪಾರ್ಕಿನ್ಸನ್ನಿಗೆ ಕೊಡುವ ಮುಖ್ಯ ಔಷಧಿಯಾದ ಲೆವೊಡೋಪ ಇದೆಯೆಂದು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮವರೇ ಬೇರ್ಪಡಿಸಿ ತೋರಿಸಿದ್ದಾರೆ. ಇಲ್ಲಿ ಪಾಠದ ನಡುವೆ ನಾನು ಎದ್ದು ಇದನ್ನು ಹೇಳಿದಾಗ ನನಗೆ ಬಂದ ಜಂಭ ಅಷ್ಟಿಷ್ಟಲ್ಲ. ಕಾಯಿಲೆಯಲ್ಲಿ ಕಡಿಮೆಯಾಗುವುದು ಡೋಪಮಿನ್, ಅಂದರೆ ಮಿದುಳಿನ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಒಂದು ರಾಸಾಯನಿಕ. ಅದನ್ನೇ ಕೊಟ್ಟರೆ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ, ಲೆವೊಡೋಪ ದಾಟುತ್ತದೆ, ದಾಟಿದ ಮೇಲೆ ಡೋಪಮಿನ್ ಆಗುತ್ತದೆ. ಆದರೆ ಒಂದು ಚಮಚ ಪುಡಿಯಲ್ಲಿ ಅದು ಎಷ್ಟಿದೆಯೆಂದು ಹೇಳಲಾಗದು, ಮಾತ್ರೆಯಲ್ಲಿರುವಂತೆ ದಾರಿಯಲ್ಲೇ ಖರ್ಚಾಗದಂತೆ ತಡೆಯುವ ಕಾರ್ಬಿಡೋಪವೂ ಅದರಲ್ಲಿರುವುದಿಲ್ಲ. ಡಾಕ್ಟರನ್ನು ಕೇಳದೆ ಖಂಡಿತ ಕೊಡಬೇಡಿ.

ಹೋದ ವಾರ ಇಲ್ಲಿಯ ಪ್ರಯೋಗಾಲಯದಲ್ಲಿ, ದಾನವಾಗಿ ಬಂದ ಮಿದುಳಿನ ನಡುಭಾಗದ ತೆಳುವಾದ ಬಿಲ್ಲೆಗಳನ್ನು ನೋಡಿದೆವು. ಆರೋಗ್ಯವಂತರದರಲ್ಲಿ ಎರಡೂ ಕಡೆ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಒಂದೊಂದು ಕಪ್ಪು ಗೆರೆ. ಡೋಪಮಿನ್ ಮಾಡುವ ಕೋಶಗಳ ಬಣ್ಣ ಅದು. ಕಾಯಿಲೆಯವರದರಲ್ಲಿ ಗೆರೆ ಮಾಸಿತ್ತು. ನಿಮ್ಮ ಪತ್ರ ಬಂದಿದ್ದರಿಂದ ನಾನು ಉಳಿದವರಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದೆ. (ಕುರಿಯ ಮಿದುಳನ್ನೂ ಕೊಯ್ಯಿಸಿದರು. ಇದನ್ನು ಅಜ್ಜಿಗೆ ಹೇಳಬೇಡಿ, ನಾನು ತಂದ ಕುಂಕುಮವನ್ನೂ ಮುಟ್ಟಲಿಕ್ಕಿಲ್ಲ.)

ನನ್ನ ಚಿಂತೆ ಬೇಡವೇ ಬೇಡ. ಚಳಿಗೆ ದಪ್ಪ ಕೋಟಿದೆ, ಕೋಣೆ ಬೆಚ್ಚಗಿದೆ, ಊಟಕ್ಕೆ ಅನ್ನ ಸಾರು ನಾನೇ ಮಾಡಿಕೊಳ್ಳುತ್ತೇನೆ, ಹಣ ಸಾಕಷ್ಟಿದೆ, ಜ್ವರ ನೆಗಡಿ ಏನೂ ಇಲ್ಲ. ನನ್ನ ಟಿಕೆಟ್ಟಿಗೆಂದು ಮೆಣಸು ಈಗಲೇ ಮಾರಬೇಡಿ. ಆ ಹಣ ಅಜ್ಜಿಯ ಓಡಾಟಕ್ಕಿರಲಿ. ಅಜ್ಜಿಗೆ ಏನೂ ಆಗುವುದಿಲ್ಲ, ಪಾರ್ಕಿನ್ಸನ್ನೇ ಆಗಿದ್ದರೂ ಒಳ್ಳೆಯ ಔಷಧಿಯಿದೆ, ನೀವು ರಾತ್ರಿ ನಿದ್ದೆಗೆಡಬೇಡಿ.

ಈಗಷ್ಟೇ ಕೋಟೆಯ ತೋಪು ಹಾರಿತು. ಭಾನುವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ಮಧ್ಯಾಹ್ನ ಒಂದಕ್ಕೆ ಹಾರಿಸುತ್ತಾರೆ, 1861ರಿಂದಲೂ ಇದೇ ಪದ್ಧತಿ. ಹನ್ನೆರಡಕ್ಕೆ ಹನ್ನೆರಡು ಸಲ ಹಾರಿಸಿದರೆ ಖರ್ಚು ಹೆಚ್ಚೆಂದು ಒಂದಕ್ಕೆ ಇಟ್ಟರೆಂದು ಇಲ್ಲಿಯವರೇ ತಮಾಷೆ ಮಾಡುತ್ತಾರೆ. ನನಗೆ ತರಗತಿಗೆ ಹೊತ್ತಾಯಿತು. ಮಾತ್ರೆಪಟ್ಟಿಯ ಫೋಟೋ ಕಿಟ್ಟಿ ಇವತ್ತೇ ಕಳಿಸಲಿ.

ಇಂತಿ ನಿಮ್ಮ ಮಗಳು,
ಸುಮಾ