ಗೌರಿಗೆ, ಆ ಉಕ್ಕಿನ ಪೆಟ್ಟಿಗೆಯ ವಿಷಯವಾಗಿ

ಹುಬ್ಬಳ್ಳಿ, ಭಾನುವಾರ ರಾತ್ರಿ

ಚಿ. ಗೌರಿಗೆ ನಿನ್ನ ಮಾಮನ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಬಂತು. ಹಾಸ್ಟೆಲ್ಲು, ಊಟ, ಪರೀಕ್ಷೆ, ಎಲ್ಲವನ್ನೂ ನಿನ್ನ ಅತ್ತೆಗೆ ಓದಿ ಹೇಳಿದೆ. ಕೊನೆಯ ಪುಟದ ನಾಲ್ಕು ಸಾಲು ಮಾತ್ರ ಓದಲಿಲ್ಲ. "ಆರ್ಟ್ ಗ್ಯಾಲರಿಯಲ್ಲಿ ಎಲ್ಲರೂ ಆ ಉಕ್ಕಿನ ಪೆಟ್ಟಿಗೆ ಮುಂದೆ ಏನೋ ಕಂಡವರ ಹಾಗೆ ನಿಂತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ಸುಮ್ನೆ ನಾನೂ ತಲೆ ಆಡಿಸಿದೆ. ಆಯಿ ಹೋದ ದಿನವೂ ಹೀಗೇ ಆಗಿತ್ತು. ನನ್ನೊಳಗೆ ಏನೋ ಬತ್ತಿಹೋಗಿದೆಯಾ ಮಾಮಾ?"

ಮೂರು ರಾತ್ರಿಯಿಂದ ಈ ಮಾತು ನನ್ನನ್ನು ಬಿಡ್ತಾ ಇಲ್ಲ.

ಆಯಿ ಹೋದ ದಿನದ್ದು ನಾನು ಬಿಡಿಸಿ ಬರೆಯೋದಿಲ್ಲ. ಅವತ್ತು ಯಾರು ಎಲ್ಲಿದ್ದರು, ನೀನು ಏನು ಮಾಡ್ತಾ ಇದ್ದೆ, ನಮಗೆಲ್ಲ ಗೊತ್ತು. ಮನೆಯಲ್ಲಿ ಯಾರೂ ನಿನ್ನ ಬಗ್ಗೆ ಒಂದು ಮಾತು ಆಡಿಲ್ಲ. ಅಷ್ಟು ತಿಳಿದಿದ್ದರೆ ಸಾಕು.

ಪೆಟ್ಟಿಗೆಯ ವಿಷಯಕ್ಕೆ ಬರ್ತೀನಿ. ಪತ್ರದ ಜೊತೆ ನೀನು ಇಟ್ಟಿದ್ದ ಪುಟ್ಟ ಪುಸ್ತಕವನ್ನು ಮೂರು ಸಲ ಓದಿದೆ. ಡೊನಾಲ್ಡ್ ಜಡ್ ಅನ್ನುವ ಅಮೆರಿಕದ ಕಲಾವಿದನ ಪುಟದಲ್ಲಿ ಜಾಸ್ತಿ ಹೊತ್ತು ನಿಂತೆ. ಅವನು ನಕ್ಷೆ ಬರೆದು, ಅಳತೆ ಹಾಕಿ, ತಗಡಿನ ಕೆಲಸದ ಅಂಗಡಿಗೆ ಕೊಟ್ಟು ಮಾಡಿಸುತ್ತಿದ್ದನಂತೆ. ಟೆಕ್ಸಾಸಿನ ಮಾರ್ಫಾ ಅನ್ನುವ ಊರಿನಲ್ಲಿ, ಹಳೇ ಮಿಲಿಟರಿ ಶೆಡ್ಡುಗಳಲ್ಲಿ, ಅವನ 100 ಅಲ್ಯೂಮಿನಿಯಂ ಪೆಟ್ಟಿಗೆಗಳಿವೆ. 1982ರಿಂದ 1986ರವರೆಗೆ ಆದ ಕೆಲಸ. ಹೊರಗಿನ ಅಳತೆ ಎಲ್ಲದಕ್ಕೂ ಒಂದೇ, 41, 51, 72 ಇಂಚು. ಒಳಗೆ ಮಾತ್ರ ಒಂದಿದ್ದ ಹಾಗೆ ಇನ್ನೊಂದಿಲ್ಲ.

ನಾನು ಇಡೀ ಜೀವಮಾನ ಇಂಥದೇ ಕೆಲಸದ ನಡುವೆ ಕಳೆದವನು. ಆರು ಅಡಿ ತಗಡನ್ನು ಎಲ್ಲೂ ಉಬ್ಬದ ಹಾಗೆ, ಮೂಲೆ ಒಂದು ಕೂದಲೆಳೆಯೂ ತಪ್ಪದ ಹಾಗೆ ಕೂಡಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ವೆಲ್ಡಿಂಗ್ ಕಾವಿಗೆ ತಗಡು ಎಳೆದುಕೊಳ್ಳುತ್ತೆ. ನೀನು ನೋಡಿದ ಪೆಟ್ಟಿಗೆ ಸೊಟ್ಟ ಇರಲಿಲ್ಲ ಅಲ್ವಾ? ಆದರೂ ಅದರ ಮುಂದೆ ಅಳು ಬರಬೇಕು, ಎದೆ ತುಂಬಬೇಕು ಅಂತ ಯಾರು ಹೇಳಿದರು? ಇಂಥ ಪೆಟ್ಟಿಗೆ ಮಾಡಿಸುವ ಕಲಾವಿದರು ಬೇಕಂತಲೇ ಮುಖ, ಕಥೆ, ಹೂಬಳ್ಳಿ ಎಲ್ಲ ತೆಗೆದುಹಾಕಿದ್ದಾರೆ. ಅವರು ಇಡದೇ ಇದ್ದದ್ದು ನಿನಗೆ ಸಿಗಲಿಲ್ಲ ಅಂತ, ನಿನ್ನ ಎದೆಯನ್ನೇ ಯಾಕೆ ಕೆದಕಿ ನೋಡ್ತೀಯ ನನ್ನವ್ವಾ?

ತಲೆ ಆಡಿಸಿದ್ದು ನಿನ್ನನ್ನು ಕೊರೀತಾ ಇದೆ. ಅದು ನನಗೆ ಅರ್ಥ ಆಗುತ್ತೆ. ಇದನ್ನು ನಿಮ್ಮ ಅವ್ವನಿಗೂ ನಾನು ಹೇಳಿಲ್ಲ.

ಗೋಕುಲ ರೋಡಿನ ವರ್ಕ್‌ಶಾಪಿಗೆ ನಾನು ಸೇರಿದಾಗ ಹತ್ತೊಂಬತ್ತು ವರ್ಷ. ನನಗೆ ಲೇಥ್, ಅಂದರೆ ಕಬ್ಬಿಣ ತಿರುಗಿಸಿ ಕಡೆಯುವ ಯಂತ್ರ, ಕಲಿಸಿದ ಹಿರಿಯರೊಬ್ಬರಿದ್ದರು. ಕಬ್ಬಿಣದ ಪಿನ್ ಕಡೆದು ಮುಗಿದ ಮೇಲೆ ಯಂತ್ರದ ಚಕ್ಕಿನಿಂದ ಬಿಚ್ಚಿ, ಬನಿಯನ್ ವೇಸ್ಟಿನಲ್ಲಿ ಎಣ್ಣೆ ಒರೆಸಿ, ಕಿಟಕಿಯ ಹತ್ತಿರ ಒಯ್ಯುತ್ತಿದ್ದರು. ಎರಡೂ ತುದಿ ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಿದ್ದರು. ಪಿನ್ನಿನ ಉದ್ದಕ್ಕೂ ಬೆಳಕಿನ ಒಂದು ಬಿಳಿ ಗೆರೆ ನಿಲ್ಲುತ್ತೆ. ಕೆಲಸ ಸರಿಯಾಗಿದ್ದರೆ ಗೆರೆ ನೆಟ್ಟಗಿರುತ್ತೆ. ಎಲ್ಲಾದರೂ ಟೂಲ್ ಅದುರಿದ್ದರೆ ಅಲ್ಲಿ ಗೆರೆ ನಡುಗುತ್ತೆ. "ತಮ್ಮಾ, ಗೆರಿ ಎಲ್ಲ್ಯರ ಮುರದೈತೇನ್ ನೋಡು" ಅನ್ನುತ್ತಿದ್ದರು. ನಾನು ಕೆಲಸ ಬಿಡುವ ಭೋಂಗಾ ಯಾವಾಗ ಆಗುತ್ತೋ ಅಂತ ಗಡಿಯಾರ ನೋಡ್ತಾ, "ಇಲ್ರೀ, ಛಲೋ ಆಗೇತಿ" ಅಂದುಬಿಡುತ್ತಿದ್ದೆ. ತಮ್ಮ ಕೆಲಸ ತೋರಿಸಿ ಹೆಚ್ಚುಗಾರಿಕೆ ಮಾಡ್ಕೋತಾರೆ ಅಂದುಕೊಂಡಿದ್ದೆ. ಅವರ ಕಣ್ಣು ಮಂಜಾಗಿತ್ತು ಗೌರಿ. ಮಾಲೀಕರಿಗೆ ಗೊತ್ತಾಗಬಾರದು ಅಂತ ನನ್ನ ಕಣ್ಣನ್ನು ಕೇಳುತ್ತಿದ್ದರು. ಒಂದು ಸಲ ಇಡೀ ಲಾಟು ವಾಪಸ್ ಬಂತು. ಮುಂದಿನ ತಿಂಗಳಿನಿಂದ ಅವರು ಬರಲಿಲ್ಲ. ನಾನು ಅವರ ಮನೆಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೋಗಲಿಲ್ಲ.

ಇದಕ್ಕೂ ನಿನ್ನ ತಲೆ ಆಡಿಸಿದ್ದಕ್ಕೂ ಸಮ ಇಲ್ಲ. ನಿನ್ನಿಂದ ಯಾರಿಗೂ ನಷ್ಟ ಆಗಿಲ್ಲ. ಇದನ್ನು ಬರೆದು ನಿನ್ನ ಮನಸ್ಸು ಇನ್ನೂ ಭಾರ ಮಾಡಿದೆನೋ ಏನೋ. ಹಾಗಾಗಿದ್ದರೆ ಬಿಟ್ಟುಬಿಡು.

ಇನ್ನೊಂದು ಸಲ ಹೋಗೋದಾದರೆ ಒಬ್ಬಳೇ ಹೋಗು. ಬೆಳಿಗ್ಗೆ, ತಿಂಡಿ ತಿಂದು. ಗೋಡೆ ಮೇಲಿನ ಚೀಟಿ ಮೊದಲು ಓದಬೇಡ. ಗ್ಯಾಲರಿ ನೋಡೋದು ಹೇಗೆ ಅಂತ ನನಗೇನು ಗೊತ್ತು, ನಾನು ಹೇಳೋದು ಕಬ್ಬಿಣ ನೋಡುವ ರೀತಿ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಾ. ನೆರಳು ಎಲ್ಲಿ ಬಿದ್ದಿದೆ ನೋಡು. ಅಷ್ಟೇ.

ಅದೇ ಪುಸ್ತಕದಲ್ಲಿ ಬ್ರಾಂಕುಶಿ ಅನ್ನುವ ಶಿಲ್ಪಿಯ ಹಕ್ಕಿ ಇದೆಯಲ್ಲ, ರೆಕ್ಕೆ ಇಲ್ಲ, ಕೊಕ್ಕಿಲ್ಲ, ಬರೀ ಕನ್ನಡಿಯ ಹಾಗೆ ಉಜ್ಜಿದ ಕಂಚು. 1926ರಲ್ಲಿ ಅದು ನ್ಯೂಯಾರ್ಕಿಗೆ ಬಂದಾಗ ಕಸ್ಟಮ್ಸ್‌ನವರು ಶಿಲ್ಪ ಅಂತ ಒಪ್ಪಲೇ ಇಲ್ಲ. ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನಿನ ಸಾಲಿಗೆ ಸೇರಿಸಿ ಶೇಕಡ 40 ಸುಂಕ ಹಾಕಿದರು. ಅದು ಶಿಲ್ಪವೇ ಅಂತ ಕೋರ್ಟು ತೀರ್ಪು ಕೊಟ್ಟಿದ್ದು 1928ರಲ್ಲಿ. ಎರಡು ವರ್ಷ ಬೇಕಾಯಿತು. ಆ ಅಧಿಕಾರಿಗಳ ಎದೆ ಬತ್ತಿತ್ತು ಅಂತ ನಾನು ಅನ್ನೋದಿಲ್ಲ. ಅಂಥದ್ದನ್ನು ಅವರು ಹಿಂದೆ ನೋಡಿರಲಿಲ್ಲ. ನೀನು ಅರ್ಧ ಗಂಟೆ ನಿಂತು ಬಂದು ನಿನ್ನ ಮೇಲೆ ತೀರ್ಪು ಬರೆದುಕೊಂಡಿದ್ದೀಯ.

ಮತ್ತೆ ಅದೇ ಮಾತಿಗೆ ಬರ್ತೀನಿ, ಬತ್ತಿಹೋಗಿದೆ ಅನ್ನೋ ಮಾತಿಗೆ. ನಿಮ್ಮ ಅಜ್ಜ ತೀರಿಕೊಂಡಾಗ ನನಗೆ ಇಪ್ಪತ್ತನಾಲ್ಕು. ನಾನು ಅಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಇವತ್ತಿನವರೆಗೂ ಅತ್ತಿಲ್ಲ. ನೀನು ಹೆದರಿದ ಹಾಗೆ ನಾನೂ ಎಷ್ಟೋ ವರ್ಷ ಹೆದರಿದ್ದೆ, ಯಾರಿಗೂ ಬರೆಯಲಿಲ್ಲ. ಅವರಿಗೆ ಕೊನೆಕೊನೆಗೆ ಮಂಡಿ ನೋವು. ದುರ್ಗದ ಬೈಲಿನ ಗದ್ದಲದಲ್ಲಿ ರಸ್ತೆ ದಾಟುವಾಗ ನನ್ನ ಎಡಗೈ ಹಿಡಿಯುತ್ತಿದ್ದರು. ಈಗಲೂ ಅಲ್ಲಿ ರಸ್ತೆಗೆ ಕಾಲಿಟ್ಟರೆ ನನ್ನ ಎಡಗೈ ತಾನಾಗಿ ಹಿಂದಕ್ಕೆ ಚಾಚುತ್ತೆ. ಮೊನ್ನೆ ಸಂತೆಯ ಚೀಲ ಅದೇ ಕೈಯಲ್ಲಿತ್ತು, ಚೀಲದ ಸಮೇತ ಚಾಚಿತು. ಇದಕ್ಕೆ ಏನು ಹೆಸರು ಅಂತ ನನಗೆ ಗೊತ್ತಿಲ್ಲ. ಬತ್ತಿದ್ದು ಹೀಗೆ ಕೈ ಚಾಚುತ್ತಾ?

ರಾತ್ರಿ ಜಾಸ್ತಿ ಎಚ್ಚರ ಇರಬೇಡ. ಹಾಲು ಕುಡಿ. ಇಂಥ ಮಾತಿಗೆ ಇದೆಲ್ಲ ಔಷಧಿ ಅಲ್ಲ, ಗೊತ್ತು. ಆದರೂ ಬರೆಯದೆ ಇರೋಕೆ ಆಗಲಿಲ್ಲ.

ಆ ಹಿರಿಯರು ಏನು ತೋರಿಸುತ್ತಿದ್ದರು ಅಂತ ನಾನು ಕಂಡದ್ದು ಲಕ್ಕುಂಡಿಯಲ್ಲಿ. ಅಷ್ಟೊತ್ತಿಗೆ ನನಗೆ ನಲವತ್ತು ದಾಟಿತ್ತು. ಗದಗಿಗೆ ಮದುವೆಗೆ ಹೋದವರು ಹಾಗೇ ಮುಂದೆ ಹೋಗಿದ್ದೆವು. ಎಲ್ಲರೂ ಕಾಶಿ ವಿಶ್ವನಾಥ ಗುಡಿಯ ಕೆತ್ತನೆ ನೋಡ್ತಾ ಇದ್ದರು. ನಾನು ಪಕ್ಕದ ನನ್ನೇಶ್ವರ ಗುಡಿಯೊಳಗೆ ಹೋದೆ. ಅಲ್ಲಿ ತಿರುಗಿಸಿ ಕಡೆದ ಕಂಬಗಳಿವೆ. ಚಾಲುಕ್ಯರ ಕಾಲದ ಬಳಪದ ಕಲ್ಲು. ಬಳೆ ಪೇರಿಸಿದ ಹಾಗೆ ಸುತ್ತುಗಳು, ನಡುವೆ ನುಣುಪು. ಕಲ್ಲಿನ ಮೇಲೆ ಮೇಲಿಂದ ಕೆಳಗೆ ಬೆಳಕಿನ ಗೆರೆ ನಿಂತಿತ್ತು. ಅದು ಎಲ್ಲಾದರೂ ಮುರಿದಿದೆಯಾ ಅಂತ ಹುಡುಕುತ್ತಾ ಕಂಬದ ಸುತ್ತ ಹೋದೆ. ಆಮೇಲೆ ಮುಂದಿನ ಕಂಬ. ಏನನ್ನಿಸಿತು ಅಂತ ಕೇಳಿದರೆ, ಆ ಹೊತ್ತಿಗೆ ಏನೂ ಅನ್ನಿಸಲಿಲ್ಲ. ಗೆರೆ ನೋಡ್ತಾ ಇದ್ದೆ. ನಿನ್ನ ಅತ್ತೆ ಬಂದು ಬಸ್ಸಿಗೆ ಹೊತ್ತಾಯಿತು ಅಂತ ಕರೆದಳು.

ದೀಪಾವಳಿಗೆ ಬರ್ತೀಯಲ್ಲ, ಒಂದು ದಿನ ನಾವಿಬ್ಬರೇ ಹೋಗೋಣ. ಗದಗಿನಲ್ಲಿ ಇಳಿದು ಕೊಪ್ಪಳದ ಕಡೆಯ ಬಸ್ಸು ಹತ್ತಿದರೆ ಲಕ್ಕುಂಡಿ ಹತ್ತಿರವೇ. ನನ್ನ ಕಣ್ಣೂ ಈಗ ಮೊದಲಿನ ಹಾಗಿಲ್ಲ, ಗೆರೆ ನೀನೇ ನೋಡಿ ಹೇಳಬೇಕು. ಏನೂ ಅನ್ನಿಸದಿದ್ದರೆ ಏನೂ ಅನ್ನಿಸಲಿಲ್ಲ ಮಾಮಾ ಅನ್ನು. ಗಿರ್ಮಿಟ್ ತಿಂದು, ಚಹಾ ಕುಡಿದು ವಾಪಸ್ ಬರೋಣ.

ನಿನ್ನ ಮಾಮಾ